ಕಡಲಿಲ್ಲದ ಊರಿಗೆ ಬಂದ ನಾವಿಕರ ಗಂಟು

ದಾವಣಗೆರೆಯಿಂದ ಸಮುದ್ರಕ್ಕೆ ಹೋಗಬೇಕು ಅಂದ್ರೆ ಘಟ್ಟ ಇಳಿಯಬೇಕು. ನಮ್ಮ ಕಡೆ ಎಷ್ಟೋ ಹಿರಿಯರು ಹಡಗನ್ನು ಸಿನಿಮಾದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಆದರೆ ನಮ್ಮ ಅಗ್ನಿಶಾಮಕ ಠಾಣೆಯ ಸಿಬ್ಬಂದಿ ಕವಾಯತಿನಲ್ಲಿ ಹಗ್ಗ ಹಿಡಿದು ಹಾಕುವ ಗಂಟುಗಳ ಹೆಸರು ಕೇಳಿ: ಬೌಲೈನ್, ಕ್ಲೋವ್ ಹಿಚ್, ಶೀಟ್ ಬೆಂಡ್, ರೀಫ್ ನಾಟ್. ಬೌಲೈನ್ ಅನ್ನೋದು ಹಡಗಿನ ಪಟವನ್ನು ಮೂತಿಯ ಕಡೆಗೆ ಎಳೆದು ಕಟ್ಟುತ್ತಿದ್ದ ಹಗ್ಗದ ಹೆಸರು. ಶೀಟ್ ಅಂದ್ರೆ ಪಟದ ಮೂಲೆಗೆ ಕಟ್ಟಿದ ಹಗ್ಗ. ಗಾಳಿ ಜೋರಾದಾಗ ಪಟ ಮಡಚಿ ಕಟ್ಟುವುದಕ್ಕೆ ರೀಫ್ ಅಂತಾರೆ. ಎಲ್ಲವೂ ಕಡಲಿನ ಮಾತು.

ಬತ್ತದ ಗದ್ದೆ, ಮೆಕ್ಕೆಜೋಳ, ಹತ್ತಿ ಗಿರಣಿಯ ಈ ಊರಿಗೆ ನಾವಿಕರ ಗಂಟು ಹೇಗೆ ಬಂತು? ಅದು ಬರುವ ಮೊದಲು ನಮ್ಮವರ ಕೈಯಲ್ಲಿ ಯಾವ ಗಂಟು ಇತ್ತು? ಈ ಎರಡು ಪ್ರಶ್ನೆ ಹಿಡಿದು ಹೊರಟಾಗ ಸಿಕ್ಕ ಕಥೆ ಇದು. ಸ್ವಲ್ಪ ಉದ್ದ ಇದೆ. ನಡುವೆ ಒಂದು ಗಂಟು ಹಾಕುವುದನ್ನೂ ಹೇಳಿಕೊಡ್ತೀನಿ, ಮನೆಯಲ್ಲಿ ಒಂದು ಮೊಳ ಹಗ್ಗ ಇದ್ದರೆ ಪಕ್ಕಕ್ಕಿಟ್ಟುಕೊಂಡು ಓದಿ.

ಮೊದಲು ನಮ್ಮ ಹಗ್ಗದ ಮಾತು. ಪ್ಲಾಸ್ಟಿಕ್ ಹಗ್ಗ ಬರುವ ಮುಂಚೆ ಪ್ರತಿ ರೈತನ ಮನೆಯಲ್ಲೂ ಹಗ್ಗ ಹೊಲದಿಂದಲೇ ಬರುತ್ತಿತ್ತು. ಜೋಳದ ಹೊಲದ ಅಂಚಿಗೆ ಪುಂಡಿ ಹಾಕೋರು. ಸೊಪ್ಪು ಪಲ್ಯಕ್ಕಾಯ್ತು, ಕಾಂಡ ಬಲಿತ ಮೇಲೆ ಕೊಯ್ದು ಕೆರೆಯಲ್ಲೋ ಹಳ್ಳದಲ್ಲೋ ನೆನೆಹಾಕೋರು. ಕೊಳೆತು ನಾರು ಬಿಡುವಾಗಿನ ವಾಸನೆ ಗೊತ್ತಿದ್ದವರಿಗೇ ಗೊತ್ತು. ಸೆಣಬು, ಕತ್ತಾಳೆ, ತೆಂಗಿನ ನಾರು ಕೂಡ ಇದ್ದವು. ನೊಗಕ್ಕೆ ತೊಗಲಿನ ಮಿಣಿ. ದನಕ್ಕೆ ಕಣ್ಣಿ. ಕಪಿಲೆ ಬಾವಿಗೆ ಎತ್ತು ಜಗ್ಗುವ ದಪ್ಪ ಹಗ್ಗ. ಒಂದೊಂದು ಕೆಲಸಕ್ಕೆ ಒಂದೊಂದು ಹೆಸರು.

ಹಗ್ಗ ಹೊಸೆಯುವುದು ನೋಡೋಕೆ ಸುಲಭ, ಆದರೆ ಒಳಗೊಂದು ಜಾಣತನ ಇದೆ. ನಾರನ್ನು ಒಂದು ದಿಕ್ಕಿಗೆ ಹುರಿ ಮಾಡ್ತಾರೆ. ಅಂಥ ಎಳೆಗಳನ್ನು ಸೇರಿಸಿ ಹೊಸೆಯುವಾಗ ಎದುರು ದಿಕ್ಕಿಗೆ ತಿರುವುತ್ತಾರೆ. ಎಳೆ ಬಿಚ್ಚಿಕೊಳ್ಳೋಕೆ ಹೊರಟರೆ ಹಗ್ಗ ಬಿಗಿಯಾಗುತ್ತದೆ, ಹಗ್ಗ ಬಿಚ್ಚಿಕೊಳ್ಳೋಕೆ ಹೊರಟರೆ ಎಳೆ ಬಿಗಿಯಾಗುತ್ತದೆ. ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಮೊಳದುದ್ದದ ನಾರಿನಿಂದ ನೂರು ಮೊಳದ ಹಗ್ಗ ಆಗುವುದು ಹೀಗೆ. ಈ ವಿದ್ಯೆಯನ್ನೇ ಕಾಯಕ ಮಾಡಿಕೊಂಡ ಶರಣ ನಮಗೆ ತೀರಾ ಹತ್ತಿರದವರು. 12ನೇ ಶತಮಾನದ ನುಲಿಯ ಚಂದಯ್ಯ. ಕೆರೆ ಅಂಚಿನ ಹುಲ್ಲು ಕೊಯ್ದು, ಹಗ್ಗ ನುಲಿದು, ಮಾರಿ, ಬಂದದ್ದರಲ್ಲಿ ದಾಸೋಹ ಮಾಡಿದವರು. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ನೀರಿಗೆ ಬಿದ್ದರೂ ಕಾಯಕ ಬಿಡದೆ ಮುಂದುವರಿಸಿದರು ಅನ್ನೋ ಕಥೆ ನೀವೂ ಕೇಳಿರಬಹುದು. ಅವರ ವಚನಗಳ ಅಂಕಿತ ಚಂದೇಶ್ವರಲಿಂಗ. ಕಲ್ಯಾಣದ ಗಲಾಟೆಯ ನಂತರ ಅವರು ಬಂದು ನೆಲೆಸಿದ ಊರು ಅಂತ ಜನ ನಂಬಿರುವ ನುಲೇನೂರು ಇರುವುದು ನಮ್ಮ ಪಕ್ಕದ ಹೊಳಲ್ಕೆರೆ ತಾಲ್ಲೂಕಿನಲ್ಲೇ. ನೂಲ ಹುಣ್ಣಿಮೆ ದಿನ ಸರ್ಕಾರವೇ ಅವರ ಜಯಂತಿ ಮಾಡುತ್ತದೆ. ಭಾಷಣದಲ್ಲಿ ಕಾಯಕ ಬರುತ್ತದೆ, ದಾಸೋಹ ಬರುತ್ತದೆ, ಹಗ್ಗದ ಮಾತು ಮಾತ್ರ ಅಪರೂಪ.

ನಮ್ಮವರ ಗಂಟಿನ ವಿದ್ಯೆ ನೋಡಬೇಕಾದರೆ ಕೊಟ್ಟಿಗೆಗೆ ಹೋಗಬೇಕು. ದನದ ಕೊರಳಿಗೆ ಯಾರಾದರೂ ಜೀರುಗುಣಿಕೆ ಹಾಕ್ತಾರಾ? ಹಾಕಲ್ಲ. ಜೀರುಗುಣಿಕೆ ಅಂದ್ರೆ ಎಳೆದಷ್ಟೂ ಬಿಗಿಯುವ ಗಂಟು. ದನ ಬೆದರಿ ಜಗ್ಗಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ಕೊರಳಿಗೆ ಅಳತೆ ನಿಂತ ಕುಣಿಕೆ, ಎಳೆದರೂ ಚಿಕ್ಕದಾಗದ್ದು. ಹುಲ್ಲಿನ ಹೊರೆಗೆ ಮಾತ್ರ ಜೀರುಗುಣಿಕೆ, ಯಾಕಂದ್ರೆ ಅಲ್ಲಿ ಬಿಗಿಯಲೇಬೇಕು. ಯಾವ ಪುಸ್ತಕವೂ ಇಲ್ಲದೆ ಅಜ್ಜ ಮೊಮ್ಮಗನಿಗೆ ಕಲಿಸಿದ ಪಾಠ ಇದು. ಈ ವ್ಯತ್ಯಾಸವನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು, ಪಾತಾಳಗರಡಿ. ಕಬ್ಬಿಣದ ಬಳೆಗೆ ನಾಲ್ಕೂ ಕಡೆ ಕೊಕ್ಕೆ ಜೋತುಬಿಟ್ಟ ಈ ಸಾಮಾನು ಊರಿಗೆ ಒಂದೋ ಎರಡೋ ಮನೆಯಲ್ಲಿ ಇರುತ್ತಿತ್ತು. ಬಾವಿಗೆ ಬಿದ್ದ ಕೊಡ ತೆಗೆಯೋಕೆ ಹಗ್ಗ ಕಟ್ಟಿ ಬಿಡೋರು. ಇಂದಿಗೂ ಹೊಳೆಯಲ್ಲಿ, ನಾಲೆಯಲ್ಲಿ ಮುಳುಗಿದವರನ್ನು ಹುಡುಕುವಾಗ ಹಗ್ಗದ ತುದಿಗೆ ಕೊಕ್ಕೆ ಕಟ್ಟಿ ತಳ ಜಾಲಾಡುವುದನ್ನು ನೋಡಿರುತ್ತೀರಿ. ಪಾತಾಳಗರಡಿಯ ವಂಶವೇ ಅದು.

ಬೆಂಕಿಗೆ? ಹುಲ್ಲಿನ ಮಾಡು ಹತ್ತಿಕೊಂಡರೆ ನೀರು ಹಾಕುವುದಕ್ಕಿಂತ ಮೊದಲು ಕೊಕ್ಕೆಯಿಂದ ಹುಲ್ಲು ಎಳೆದು ಕೆಡವುವುದೇ ಉಪಾಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪ್ರತಿ ಮನೆಯವರೂ ಬೆಂಕಿಗಾಗಿ ಇಟ್ಟುಕೊಳ್ಳಬೇಕಾದ ಸಾಮಾನಿನ ಪಟ್ಟಿ ಇದೆ. ನೀರಿನ ಗಡಿಗೆ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲ ಚೀಲ. ಇಟ್ಟುಕೊಳ್ಳದಿದ್ದರೆ ದಂಡ. ಹಗ್ಗದ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಹಗ್ಗ ಇಲ್ಲದ ಮನೆಯೇ ಇರಲಿಲ್ಲ, ಹೇಳೋ ಅಗತ್ಯ ಕಾಣಲಿಲ್ಲ ಅಂತ ನನ್ನ ಊಹೆ.

ಹರಿಹರದ ಕಥೆ ಹೊಳೆಯದು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಹರಿಹರೇಶ್ವರ ದೇವಸ್ಥಾನ ಕಟ್ಟಿಸಿದ ಕಾಲದಿಂದಲೂ ಜನ ತುಂಗಭದ್ರೆ ದಾಟಿ ಬರುತ್ತಲೇ ಇದ್ದರು. ದಾಟುತ್ತಿದ್ದದ್ದು ಹರಿಗೋಲಿನಲ್ಲಿ. ಬಿದಿರಿನ ಬುಟ್ಟಿ, ಹೊರಗೆ ತೊಗಲು, ಕಟ್ಟುಗಳೆಲ್ಲ ಹಗ್ಗದ್ದು. ಹೊಳೆ ಆಚೆ ಮುಂಬೈ ಪ್ರಾಂತ್ಯ, ಈಚೆ ಮೈಸೂರು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗೆ ಕಲ್ಲು ಇಟ್ಟಿಗೆಯ 14 ಕಮಾನಿನ ಸೇತುವೆ ಮುಗಿದದ್ದು 1868ರಲ್ಲಿ. ಸೇತುವೆ ಬಂದ ಮೇಲೆ ಹರಿಗೋಲು ಹಾಕುವವರ ಕೆಲಸ ಕಡಿಮೆಯಾಯಿತು, ಹೊಳೆಯ ಸ್ವಭಾವ ಬದಲಾಗಲಿಲ್ಲ. ಮಳೆಗಾಲದಲ್ಲಿ ಮೇಲೆ ಗಾಜನೂರಿನ ತುಂಗಾ ಅಣೆಕಟ್ಟು ಮೊದಲು ತುಂಬಿ ನೀರು ಬಿಡ್ತಾರೆ, ಭದ್ರೆಯೂ ತುಂಬಿದರೆ ಹರಿಹರದ ಗಂಗಾನಗರದ ಮನೆಗಳ ಹೊಸ್ತಿಲಿಗೆ ನೀರು. 2009ರಲ್ಲೂ 2019ರಲ್ಲೂ ರಾಜ್ಯದ ಹೊಳೆಗಳೆಲ್ಲ ಉಕ್ಕಿದ್ದು ನೆನಪಿರಬಹುದು. ಈಗ ರಬ್ಬರ್ ದೋಣಿ ಬರುತ್ತದೆ. ಆದರೆ ದೋಣಿಯನ್ನು ದಡಕ್ಕೆ ಹಿಡಿದಿಡುವುದು ಇವತ್ತಿಗೂ ಹಗ್ಗವೇ.

ಈಗ ನಾವಿಕರ ಮಾತಿಗೆ ಬರೋಣ.

ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಅನ್ನೋ ಬಂದರು ಊರಲ್ಲಿ ಜಾರ್ಜ್ ಮ್ಯಾನ್ಬಿ ಅನ್ನೋ ಅಧಿಕಾರಿ ಇದ್ದ. 1807ರಲ್ಲಿ ದಡದಿಂದ ಕಣ್ಣಳತೆಯಲ್ಲೇ ಹಡಗೊಂದು ಒಡೆದು ಜನ ಮುಳುಗುವುದನ್ನು ನಿಂತು ನೋಡಬೇಕಾಯಿತು. ಹಗ್ಗ ಎಸೆದರೆ ಅಷ್ಟು ದೂರ ಹೋಗಲ್ಲ. ಮ್ಯಾನ್ಬಿ ಫಿರಂಗಿ ಗುಂಡಿಗೆ ಹಗ್ಗ ಕಟ್ಟಿ ಹಡಗಿನ ಮೇಲೆ ಹಾರಿಸುವ ಉಪಾಯ ಮಾಡಿದ. ಮರುವರ್ಷವೇ, 1808ರಲ್ಲಿ, ಸಿಕ್ಕಿಬಿದ್ದ ಹಡಗಿನ ನಾವಿಕರನ್ನು ಅದೇ ಹಗ್ಗದಿಂದ ದಡಕ್ಕೆ ತಂದ. ಇದೇ ಮನುಷ್ಯ ಕೆಲವು ವರ್ಷಗಳ ನಂತರ ಕೈಯಲ್ಲಿ ಹೊತ್ತೊಯ್ಯಬಹುದಾದ ಬೆಂಕಿ ಆರಿಸುವ ಸಿಲಿಂಡರನ್ನೂ ಮಾಡಿದ. ನಿಮ್ಮ ಊರಿನ ಶಾಲೆಯ, ಬ್ಯಾಂಕಿನ ಗೋಡೆ ಮೇಲೆ ಕೆಂಪಗೆ ನೇತಾಡುವ ಸಿಲಿಂಡರಿನ ಅಜ್ಜ ಅದು. ನೀರಿನಲ್ಲಿ ಜೀವ ಉಳಿಸುವ ಹಗ್ಗ, ಬೆಂಕಿ ಆರಿಸುವ ಯಂತ್ರ, ಎರಡೂ ಒಂದೇ ತಲೆಯಿಂದ ಬಂದವು.

ಗಂಟುಗಳು ಬೆಂಕಿ ಠಾಣೆಗೆ ಬಂದದ್ದಕ್ಕೆ ಕಾರಣ ನೇಮಕಾತಿ. ಲಂಡನ್ ಅಗ್ನಿಶಾಮಕ ದಳಕ್ಕೆ 1861ರಿಂದ 1891ರವರೆಗೆ ಮುಖ್ಯಸ್ಥನಾಗಿದ್ದ ಮ್ಯಾಸಿ ಶಾ ಕೆಲಸಕ್ಕೆ ತೆಗೆದುಕೊಳ್ಳಲು ಇಷ್ಟಪಡುತ್ತಿದ್ದದ್ದು ಹಡಗಿನಲ್ಲಿ ದುಡಿದವರನ್ನು. ಎತ್ತರಕ್ಕೆ ಹತ್ತಲು ಹೆದರುವುದಿಲ್ಲ, ರಾತ್ರಿ ಪಾಳಿ ರೂಢಿ ಇದೆ, ಹೇಳಿದ ಕೂಡಲೇ ಮಾಡ್ತಾರೆ, ಕತ್ತಲಲ್ಲೂ ಕೈ ಗಂಟು ಹಾಕುತ್ತದೆ. ಹೊಗೆ ತುಂಬಿದ ಮನೆಯೊಳಗೆ ಕಣ್ಣು ಕಾಣದಿದ್ದಾಗ ಈ ಕೊನೆಯ ಗುಣ ಬಹಳ ದೊಡ್ಡದು. ಆ ನಾವಿಕರ ಜೊತೆ ಅವರ ಗಂಟುಗಳೂ ಠಾಣೆಗೆ ಬಂದು ಕವಾಯತು ಪುಸ್ತಕ ಸೇರಿದವು. ಬ್ರಿಟಿಷರ ಆ ಪುಸ್ತಕವೇ ಮುಂಬೈ, ಕೋಲ್ಕತ್ತ, ಮದ್ರಾಸಿನ ದಳಗಳಿಗೂ ಬಂತು.

ನಮ್ಮ ದೇಶದ ಅಗ್ನಿಶಾಮಕದವರು ಪ್ರತಿವರ್ಷ ಏಪ್ರಿಲ್ 14ರಂದು ಮೌನ ಆಚರಿಸುವುದೂ ಒಂದು ಹಡಗಿನ ಕಾರಣಕ್ಕೇ. 1944ರ ಆ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಅನ್ನೋ ಹಡಗಿನಲ್ಲಿ ಹತ್ತಿ ಅಂಡಿಗೆ ಬೆಂಕಿ ಬಿತ್ತು. ಅದೇ ಹಡಗಲ್ಲಿ ಯುದ್ಧದ ಮದ್ದುಗುಂಡು ಇತ್ತು. ಸ್ಫೋಟದಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತರು, ಜನ ಸತ್ತದ್ದು ನೂರಾರು. ಹತ್ತಿ ಬೆಂಕಿ ಏನು ಅಂತ ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲೆ ಆರಿದ ಹಾಗೆ ಕಂಡ ಅಂಡಿಗೆ ಒಳಗೆ ದಿನಗಟ್ಟಲೆ ಹೊಗೆಯಾಡುತ್ತದೆ, ಹೊರಗೆ ಎಳೆದು ಬಿಡಿಸಿ ನೀರು ಹಾಕಿದರೆ ಮಾತ್ರ ಆರುತ್ತದೆ. ಎಳೆಯುವುದಕ್ಕೆ ಮತ್ತೆ ಕೊಕ್ಕೆ, ಹಗ್ಗ.

ಮೈಸೂರು ರಾಜ್ಯದಲ್ಲಿ ಬೆಂಕಿ ಆರಿಸುವ ಕೆಲಸ ಮೊದಲು ಪೊಲೀಸರ ಕೈಕೆಳಗೆ ಇತ್ತು. ಅಗ್ನಿಶಾಮಕ ದಳಕ್ಕೆ ತನ್ನದೇ ಕಾಯ್ದೆ ಬಂದದ್ದು 1964ರಲ್ಲಿ. ಅದಕ್ಕೂ ಮುಂಚೆ, 1956ರಲ್ಲಿ, ಕೇಂದ್ರ ಸರ್ಕಾರ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜು ಶುರುಮಾಡಿತ್ತು. ಈಗ ಅದು ನಾಗಪುರದಲ್ಲಿದೆ. ನಮ್ಮ ರಾಜ್ಯದವರಿಗೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ತರಬೇತಿ. ಇಲಾಖೆಯ ಈಗಿನ ಹೆಸರು ನೋಡಿ, ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು. ಬೆಂಕಿಗಿಂತ ಬಾವಿ, ಹೊಳೆ, ಅಪಘಾತ, ಕುಸಿದ ಕಟ್ಟಡ ಅಂತ ಕರೆ ಹೆಚ್ಚಾದ ಹಾಗೆ ಆ ‘ಮತ್ತು’ ಸೇರಿಕೊಂಡಿತು. ಹಗ್ಗದ ಕೆಲಸ ಬಹುಪಾಲು ಈ ‘ಮತ್ತು’ವಿನ ಕಡೆಗೇ ಇದೆ.

ಇನ್ನು ಗಂಟುಗಳು. ಎಲ್ಲವನ್ನೂ ಹೇಳಲ್ಲ. ಕ್ಲಿಫರ್ಡ್ ಆಶ್ಲಿ ಅನ್ನೋ ಅಮೆರಿಕದವರು 1944ರಲ್ಲೇ ತಂದ ಗಂಟಿನ ಪುಸ್ತಕದಲ್ಲಿ 3,800ಕ್ಕೂ ಹೆಚ್ಚು ನಮೂದು ಇವೆ. ರಕ್ಷಣೆಗೆ ಬೇಕಾದದ್ದು ಎಂಟೋ ಹತ್ತೋ.

ಮೊದಲನೆಯದು ಬೌಲೈನ್. ಇದರ ಗುಣ ಒಂದೇ, ಎಷ್ಟು ಎಳೆದರೂ ಕುಣಿಕೆ ಚಿಕ್ಕದಾಗಲ್ಲ, ಕೆಲಸ ಮುಗಿದ ಮೇಲೆ ಕಗ್ಗಂಟಾಗದೆ ಬಿಚ್ಚಿಕೊಳ್ಳುತ್ತದೆ. ನಮ್ಮ ದನದ ಕೊರಳಿನ ಕುಣಿಕೆಯ ತತ್ವವೇ. ಹಾಕುವುದು ಹೀಗೆ. ಹಗ್ಗದ ಉದ್ದ ಭಾಗ ಎಡಗೈಯಲ್ಲಿ ಇರಲಿ. ಅದರಲ್ಲಿ ಒಂದು ಸಣ್ಣ ಸುತ್ತು ಮಾಡಿ, ತುದಿಯ ಕಡೆಯ ಹಗ್ಗ ಮೇಲೆ ಬರಬೇಕು, ಉದ್ದ ಹಗ್ಗ ಕೆಳಗೆ. ಈಗ ತುದಿಯನ್ನು ಆ ಸುತ್ತಿನೊಳಗೆ ಕೆಳಗಿನಿಂದ ಮೇಲಕ್ಕೆ ತನ್ನಿ. ಉದ್ದ ಹಗ್ಗದ ಹಿಂದಿನಿಂದ ಬಳಸಿ ತಂದು, ಮತ್ತೆ ಅದೇ ಸುತ್ತಿನೊಳಗೆ ಕೆಳಕ್ಕೆ ಇಳಿಸಿ. ಬಿಗಿಯಿರಿ. ಬೇರೆ ದೇಶದಲ್ಲಿ ಮಕ್ಕಳಿಗೆ ಇದನ್ನು ಮೊಲದ ಕಥೆ ಮಾಡಿ ಹೇಳ್ತಾರೆ. ನಮಗೆ ಹಾವೇ ಸರಿ. ಹುತ್ತದಿಂದ ಹಾವು ಮೇಲೆ ಬಂತು, ಮರದ ಹಿಂದೆ ಸುತ್ತಿತು, ವಾಪಸ್ ಹುತ್ತಕ್ಕೆ ಇಳಿಯಿತು. ಮಿಕ್ಕ ತುದಿಯನ್ನು ಒಂದು ಗೇಣಾದರೂ ಉದ್ದ ಬಿಟ್ಟು ಪಕ್ಕದ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿ, ಯಾಕಂದ್ರೆ ಭಾರ ಇಲ್ಲದಾಗ ಅಲುಗಾಡಿ ಬೌಲೈನ್ ಸಡಿಲವಾಗುವುದುಂಟು. ನುಣುಪಾದ ನೈಲಾನ್ ಹಗ್ಗದಲ್ಲಿ ಇನ್ನೂ ಹೆಚ್ಚು. ಈಗಿನ ರಕ್ಷಣಾ ತಂಡಗಳು ಇದರ ಬದಲು ಎಂಟರ ಅಂಕಿಯ ಹಾಗೆ ಕಾಣುವ ಗಂಟನ್ನು ಹೆಚ್ಚು ನಂಬುವುದು ಇದೇ ಕಾರಣಕ್ಕೆ.

ಶೀಟ್ ಬೆಂಡ್ ನನಗೆ ಬಹಳ ಖುಷಿ ಕೊಟ್ಟ ಗಂಟು. ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ ಸೇರಿಸೋಕೆ ಬಳಸ್ತಾರೆ. ನಾವಿಕರದ್ದು ಅಂತ ಹೆಸರಾದ ಈ ಗಂಟು ಮಗ್ಗದವರಿಗೆ ಬೇರೆ ಹೆಸರಿನಲ್ಲಿ ಗೊತ್ತು, ನೇಕಾರರ ಗಂಟು. ನೂಲು ತುಂಡಾದಾಗ ಬೆರಳ ತುದಿಯಲ್ಲಿ ಕ್ಷಣದಲ್ಲಿ ಹಾಕಿ ಸೇರಿಸುವ ಗಂಟು ರಚನೆಯಲ್ಲಿ ಇದೇ. ಹೈದರಾಲಿ ಮರಾಠ ಸರದಾರ ಆಪೋಜಿ ರಾಮನಿಗೆ ಜಹಗೀರಾಗಿ ಕೊಟ್ಟ ಸಣ್ಣ ಹಳ್ಳಿ ದಾವಣಗೆರೆ. ಅವನು ವ್ಯಾಪಾರಿಗಳನ್ನು ಕರೆತಂದು ಕೂರಿಸಿದ, ಕಂಬಳಿ ವ್ಯಾಪಾರ ಬೆಳೆಯಿತು, ಮುಂದೆ 20ನೇ ಶತಮಾನದಲ್ಲಿ ಹತ್ತಿ ಗಿರಣಿಗಳು ಬಂದು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತು. ಗಿರಣಿಗಳು ಮುಚ್ಚಿದವು, ಚಿಮಣಿಗಳ ಜಾಗದಲ್ಲಿ ಬಡಾವಣೆ ಎದ್ದವು. ಆ ಗಿರಣಿಗಳಲ್ಲಿ ದುಡಿದವರ ಬೆರಳುಗಳಿಗೆ ನಾವಿಕರ ಗಂಟು ಗೊತ್ತಿತ್ತು, ಅದು ನಾವಿಕರದ್ದು ಅನ್ನೋದು ಮಾತ್ರ ಗೊತ್ತಿರಲಿಲ್ಲ. ಹಾಗೆ ನೋಡಿದರೆ ಮೊದಲು ಹಾಕಿದ್ದು ನಾವಿಕನೋ ನೇಕಾರನೋ ಯಾರು ಬಲ್ಲರು? ನನ್ನ ಓಟು ನೇಕಾರನಿಗೆ.

ಕ್ಲೋವ್ ಹಿಚ್ ಕಂಬಕ್ಕೆ, ಗಳಕ್ಕೆ ಹಗ್ಗ ಸುತ್ತಿ ನಿಲ್ಲಿಸುವ ಗಂಟು. ನೀರಿನ ಪೈಪನ್ನು ಮೇಲಿನ ಮಹಡಿಗೆ ಎಳೆದುಕೊಳ್ಳುವಾಗ ಇದೇ. ಚೇರ್ ನಾಟ್ ಅಗ್ನಿಶಾಮಕದವರ ಸ್ವಂತದ್ದು ಅನ್ನಬಹುದು. ಒಂದೇ ಹಗ್ಗದಲ್ಲಿ ಎರಡು ಕುಣಿಕೆ, ಒಂದು ಕಂಕುಳ ಕೆಳಗೆ, ಇನ್ನೊಂದು ಮೊಣಕಾಲ ಹಿಂದೆ. ಕೂತ ಹಾಗೆ ಮನುಷ್ಯನನ್ನು ಮಹಡಿಯಿಂದ ಇಳಿಸಬಹುದು, ಬಾವಿಯಿಂದ ಎತ್ತಬಹುದು. ಕೆಳಗೆ ನಿಂತವರು ಹಗ್ಗದ ಇನ್ನೊಂದು ತುದಿ ಹಿಡಿದು ಗೋಡೆಗೆ ಬಡಿಯದಂತೆ ದೂರ ಎಳೆದುಕೊಳ್ತಾರೆ. ರೀಫ್ ನಾಟ್ ಬ್ಯಾಂಡೇಜು ಕಟ್ಟೋಕೆ ಒಳ್ಳೆಯದು. ಎರಡು ಹಗ್ಗ ಸೇರಿಸಿ ಜೀವ ತೂಗಿಹಾಕೋಕೆ ಮಾತ್ರ ಬೇಡವೇ ಬೇಡ, ಜಾರಿ ಬಿಟ್ಟುಕೊಳ್ಳುತ್ತದೆ. ಹೀಗೆ ಬಳಸಿ ಸತ್ತವರು ಬಹಳ ಅಂತ ಆಶ್ಲಿ ಆಗಲೇ ಎಚ್ಚರಿಸಿದ್ದರು.

ಸಾಮಾನ್ಯ ಜನರಿಗೆ ಈ ಗಂಟು ಕಲಿಸುವ ಜಾಗ ನಮ್ಮಲ್ಲೇ ಇದೆ, ಹರಿಹರ ತಾಲ್ಲೂಕಿನ ಕೊಂಡಜ್ಜಿ. ಬೇಡನ್ ಪೊವೆಲ್ 1908ರಲ್ಲಿ ಸ್ಕೌಟ್ ಪುಸ್ತಕ ಬರೆದ ಮರುವರ್ಷವೇ ಬೆಂಗಳೂರಿನಲ್ಲಿ ಭಾರತದ ಮೊದಲ ಸ್ಕೌಟ್ ದಳ ಶುರುವಾಯಿತು. ಸ್ವಾತಂತ್ರ್ಯದ ನಂತರ, 1950ರಲ್ಲಿ, ಬೇರೆ ಬೇರೆ ಸಂಘಗಳು ಸೇರಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಈ ರಾಜ್ಯದಲ್ಲಿ ಸ್ಕೌಟ್ಸನ್ನು ಬೆಳೆಸಿದವರಲ್ಲಿ ದೊಡ್ಡ ಹೆಸರು ಕೊಂಡಜ್ಜಿ ಬಸಪ್ಪ ಅವರದು. ದಾವಣಗೆರೆಯ ಸಂಸದರೂ ಆಗಿದ್ದವರು. ಬೆಂಗಳೂರಿನ ಅರಮನೆ ರಸ್ತೆಯ ಸ್ಕೌಟ್ಸ್ ಸಭಾಂಗಣಕ್ಕೆ ಅವರ ಹೆಸರೇ ಇದೆ. ಅವರ ಊರಿನ ಕೆರೆ ಪಕ್ಕದ ಗುಡ್ಡದ ಸೆರಗಿನಲ್ಲಿ ಸ್ಕೌಟ್ಸ್ ತರಬೇತಿ ಕೇಂದ್ರ. ಅಲ್ಲಿಗೆ ಶಿಬಿರಕ್ಕೆ ಹೋಗಿಬಂದ ಸರ್ಕಾರಿ ಶಾಲೆಯ ಮಕ್ಕಳು ಬೌಲೈನ್, ಕ್ಲೋವ್ ಹಿಚ್, ಶೀಟ್ ಬೆಂಡ್ ಹಾಕಿ ತೋರಿಸ್ತಾರೆ. ನಿಮ್ಮ ಊರಲ್ಲೂ ಇಂಥ ಮಕ್ಕಳು ಇರಬಹುದು, ಕರೆದು ಕೇಳಿ. ಮಾರ್ಕ್ಸ್ ಕಾರ್ಡಿನಲ್ಲಿ ಕಾಣದ ವಿದ್ಯೆ ಆದ್ದರಿಂದ ಮನೆಯವರಿಗೇ ಗೊತ್ತಿರಲ್ಲ.

ಗಂಟು ಹಳೆಯದೇ ಉಳಿಯಿತು, ಹಗ್ಗ ಬದಲಾಯಿತು. ಬಹಳ ಕಾಲ ಅಗ್ನಿಶಾಮಕರ ಹಗ್ಗ ಮನಿಲಾ, ಅಂದ್ರೆ ಫಿಲಿಪ್ಪೀನ್ಸ್‌ನಲ್ಲಿ ಬೆಳೆಯುವ ಬಾಳೆ ಜಾತಿಯ ಗಿಡದ ನಾರು. ಕೈಗೆ ಹಿಡಿತ ಚೆನ್ನಾಗಿ ಸಿಗುತ್ತದೆ, ಶಾಖಕ್ಕೆ ಕರಗಲ್ಲ. ಆದರೆ ಒದ್ದೆಯಾಗಿ ಸುತ್ತಿಟ್ಟರೆ ಒಳಗಿಂದಲೇ ಕೊಳೆಯುತ್ತದೆ. ಮೇಲೆ ನೋಡಿದರೆ ಗಟ್ಟಿ, ಎಳೆ ಬಿಡಿಸಿ ನೋಡಿದರೆ ಪುಡಿ. 1935ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ನೈಲಾನ್ ಹುಟ್ಟಿತು. ಕೊಳೆಯಲ್ಲ, ಬಲ ಹೆಚ್ಚು, ಜೀವ ಬಿದ್ದಾಗ ಸ್ವಲ್ಪ ಹಿಗ್ಗಿ ಪೆಟ್ಟು ತಡೆಯುತ್ತದೆ. ಆದರೆ ಚೂಪು ಅಂಚಿಗೆ ಉಜ್ಜಿದರೆ ಹೋಯ್ತು.

1980ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಇದು ಎಲ್ಲರ ಕಣ್ಣಿಗೆ ಬಿತ್ತು. ಬೆಂಕಿ ಬಿದ್ದ ಕಟ್ಟಡದ ಕಿಟಕಿಯಲ್ಲಿ ಅಗ್ನಿಶಾಮಕರೊಬ್ಬರು ಸಿಕ್ಕಿಬಿದ್ದಿದ್ದರು. ಇನ್ನೊಬ್ಬರು ಚಾವಣಿಯಿಂದ ಹಗ್ಗ ಹಿಡಿದು ಇಳಿದು ಅವರನ್ನು ತಬ್ಬಿಕೊಂಡರು. ಇಬ್ಬರ ಭಾರ ಬಿದ್ದ ಕೂಡಲೇ ಹಗ್ಗ ತುಂಡಾಗಿ ಇಬ್ಬರೂ ಸತ್ತರು. ಅಲ್ಲಿಯವರೆಗೆ ಜೀವ ತೂಗುವ ಹಗ್ಗ ಹೇಗಿರಬೇಕು ಅಂತ ಅಲ್ಲಿ ಒಂದು ಲಿಖಿತ ಮಾನದಂಡವೇ ಇರಲಿಲ್ಲ. ಆಮೇಲೆ ಬಂತು. ಒಬ್ಬರ ಭಾರಕ್ಕೆ ಇಷ್ಟು, ಇಬ್ಬರ ಭಾರಕ್ಕೆ ಇಷ್ಟು, ತೂಗುವ ಭಾರದ 15 ಪಟ್ಟು ತಡೆಯಬೇಕು ಅಂತ. ಜೀವರಕ್ಷಣೆಯ ಹಗ್ಗವನ್ನು ಬೇರೆ ಕೆಲಸಕ್ಕೆ ಮುಟ್ಟಬಾರದು ಅನ್ನೋ ಕಟ್ಟುನಿಟ್ಟು ಕೂಡ ಇಂಥ ಸಾವುಗಳಿಂದಲೇ ಬಂದದ್ದು. ಈಗ ರಕ್ಷಣಾ ತಂಡಗಳ ಕೈಯಲ್ಲಿರುವುದು ತಿರುಳು ಮತ್ತು ತೊಗಟೆ ಬೇರೆ ಬೇರೆ ಇರುವ ಹಗ್ಗ, 1953ರಲ್ಲಿ ಜರ್ಮನಿಯಲ್ಲಿ ಬಂದ ಮಾದರಿ. ಒಳಗಿನ ಎಳೆಗಳು ಭಾರ ಹೊರುತ್ತವೆ, ಹೊರಗಿನ ನೇಯ್ದ ಕವಚ ಉಜ್ಜುವಿಕೆ ತಡೆಯುತ್ತದೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಹೊಗೆ ತುಂಬಿ 9 ಮಂದಿ ಸತ್ತಾಗ, ಕಿಟಕಿ ಒಡೆದು ಹಾರಿದವರನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಎತ್ತರದ ಕಟ್ಟಡದಲ್ಲಿ ಏಣಿ, ಹಗ್ಗ, ಮೆಟ್ಟಿಲು ಏನು ಇರಬೇಕು ಅನ್ನೋ ಚರ್ಚೆ ನಮ್ಮಲ್ಲಿ ಜೋರಾದದ್ದು ಆಮೇಲೆ.

ಹಳ್ಳಿಯ ಲೆಕ್ಕ ಬೇರೆ. ನಮ್ಮಲ್ಲಿ ಮಹಡಿ ಕಡಿಮೆ, ನೀರು ಜಾಸ್ತಿ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನಾಲೆ ದಾವಣಗೆರೆ, ಹರಿಹರದ ಬಯಲಿಗೆ ಬತ್ತ ತಂದಿತು, ಅಡಿಕೆ ತಂದಿತು. ಸುದ್ದಿ ಬರೆಯೋಕೆ ಶುರುಮಾಡಿದ ಮೇಲೆ ನಾಲೆಗೋ, ಬಾವಿಗೋ, ಕೃಷಿಹೊಂಡಕ್ಕೋ ಬಿದ್ದ ಸಾವಿನ ನಾಲ್ಕು ಸಾಲು ಬರೆಯದ ಬೇಸಿಗೆ ನನಗೆ ನೆನಪಿಲ್ಲ. ಬರೆಯುವಾಗ ಬಹಳ ಸಲ ಸಂಖ್ಯೆ ಎರಡು, ಮೂರು. ಒಬ್ಬರು ಬಿದ್ದರು, ಉಳಿಸಲು ಹೋದವರೂ ಹೋದರು. ದಡದಲ್ಲಿ ಟ್ರ್ಯಾಕ್ಟರ್ ಇರುತ್ತದೆ, ಟ್ರ್ಯಾಕ್ಟರಿನಲ್ಲಿ ಹಗ್ಗ ಇರುತ್ತದೆ.

ಆ ಹಗ್ಗ ಯಾವುದು? ನೀಲಿಯೋ ಹಳದಿಯೋ ಪ್ಲಾಸ್ಟಿಕ್ ಹಗ್ಗ. ಅಗ್ಗ, ಹಗುರ, ನೀರಿನ ಮೇಲೆ ತೇಲುತ್ತದೆ. ತೇಲುವ ಗುಣ ನೀರಿನ ರಕ್ಷಣೆಗೆ ದೊಡ್ಡ ಅನುಕೂಲ, ಎಸೆಯುವ ಹಗ್ಗಗಳನ್ನು ಇದೇ ಜಾತಿಯ ನಾರಿನಿಂದ ಮಾಡುವುದು ಅದಕ್ಕೇ. ಆದರೆ ಎರಡು ವರ್ಷ ಬಿಸಿಲಿಗೆ ಬಿದ್ದರೆ ನಾರು ಪುಡಿಪುಡಿ ಉದುರುತ್ತದೆ, ಬಲ ಹೋಗಿರುತ್ತದೆ. ನುಣುಪಿರುವುದರಿಂದ ಗಂಟು ಜಾರುತ್ತದೆ. ಕೈ ಸುಡುವಷ್ಟು ವೇಗವಾಗಿ ಉಜ್ಜಿದರೆ ಕರಗಿ ತುಂಡಾಗುತ್ತದೆ. ಒಳ್ಳೆಯ ಹಗ್ಗದಲ್ಲೂ ಗಂಟು ಹಾಕಿದ ಕಡೆ ಸುಮಾರು ಮೂರನೇ ಒಂದು ಭಾಗ ಬಲ ಕಡಿಮೆ ಅಂತ ಲೆಕ್ಕ ಹಿಡೀತಾರೆ.

ಹರಿವ ನಾಲೆಯಲ್ಲಿ ಬಿದ್ದವರಿಗೆ ಹಗ್ಗ ಎಸೆಯುವಾಗ ಎಸೆಯುವವನು ಆ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಬಾರದು. ನೀರಿನ ಸೆಳೆತಕ್ಕೆ ಅವನೂ ಹೋಗ್ತಾನೆ. ಮರಕ್ಕೆ, ಟ್ರ್ಯಾಕ್ಟರಿನ ಕೊಕ್ಕೆಗೆ ಒಂದು ಸುತ್ತು ಹಾಕಿ ಹಿಡಿಯಬೇಕು. ತುದಿಗೆ ಖಾಲಿ ನೀರಿನ ಕ್ಯಾನ್, ಮುಚ್ಚಳ ಬಿಗಿದದ್ದು, ಕಟ್ಟಿದರೆ ಎಸೆಯೋಕೆ ತೂಕವೂ ಆಯ್ತು, ಹಿಡಿದವರಿಗೆ ತೇಲುವ ಆಸರೆಯೂ ಆಯ್ತು. ಮತ್ತೆ ಆ ಕೊಟ್ಟಿಗೆಯ ಪಾಠ: ಮನುಷ್ಯನ ಮೈಗೆ ಜೀರುಗುಣಿಕೆ ಹಾಕಿ ಎಳೆದರೆ ಎದೆ ಬಿಗಿದು ಉಸಿರು ನಿಲ್ಲುತ್ತದೆ. ದನಕ್ಕೆ ತೋರಿಸುವ ಎಚ್ಚರವನ್ನು ಗಾಬರಿಯಲ್ಲಿ ನಾವು ಮನುಷ್ಯನಿಗೆ ತೋರಿಸುವುದಿಲ್ಲ.

ಬಾವಿಯದು ಇನ್ನೂ ಮೋಸದ ಮಾತು. ಬಹಳ ದಿನ ಬಳಸದ ಆಳದ ಬಾವಿಯಲ್ಲಿ ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂತಿರುತ್ತದೆ. ಹಿಂದಿನವರು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಆರಿದರೆ ಇಳೀತಿರಲಿಲ್ಲ. ಒಳ್ಳೆಯ ಪದ್ಧತಿ, ಆದರೆ ಪೂರ್ತಿ ನಂಬೋಕಾಗಲ್ಲ. ಬಾವಿಯೊಳಗೆ ಡೀಸೆಲ್ ಎಂಜಿನ್ ಓಡಿಸಿದ್ದರೆ ಅದರ ಹೊಗೆಯ ವಿಷಾನಿಲಕ್ಕೆ ದೀಪ ಆರುವುದೇ ಇಲ್ಲ, ಮನುಷ್ಯ ಬೀಳ್ತಾನೆ. ಇಳಿದವನ ಮೈಗೆ ಹಗ್ಗ ಕಟ್ಟಿದ್ದರೆ ಮೇಲಿನವರು ಎಳೆದುಕೊಳ್ಳಬಹುದು. ಕಟ್ಟಿಲ್ಲದಿದ್ದರೆ ಇನ್ನೊಬ್ಬರು ಇಳೀತಾರೆ, ಸುದ್ದಿಯ ಸಂಖ್ಯೆ ಏರುತ್ತದೆ. ಅಗ್ನಿಶಾಮಕದವರು ಉಸಿರಾಟದ ಸಿಲಿಂಡರ್ ಹೊತ್ತು ಇಳಿಯುವಾಗಲೂ ಹಗ್ಗ ಬಿಡಲ್ಲ, ಎಷ್ಟು ಸಲ ಜಗ್ಗಿದರೆ ಏನರ್ಥ ಅಂತ ಮೊದಲೇ ಮಾತಾಡಿಕೊಂಡಿರ್ತಾರೆ. 112ಕ್ಕೆ ಫೋನ್ ಮಾಡಿ ಅವರು ಬರುವವರೆಗೆ ಕಾಯುವುದು ಕಷ್ಟ ಅಂತ ನನಗೂ ಗೊತ್ತು.

ಕೊಳವೆಬಾವಿಯಲ್ಲಿ ಹಗ್ಗದ ಆಟ ಬಹುಮಟ್ಟಿಗೆ ನಡೆಯಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಮಗುವನ್ನು ಪಕ್ಕದಲ್ಲಿ ಗುಂಡಿ ತೋಡಿ ಸುಮಾರು 20 ಗಂಟೆಯ ನಂತರ ಜೀವಂತ ತೆಗೆದರು. ತಲೆ ಕೆಳಗಾಗಿ ಬಿದ್ದಿದ್ದ ಕೂಸು ಅದು. ಹಗ್ಗ ಬಿಟ್ಟರೆ ಹಿಡಿಯುವುದು ಯಾರು?

ಕೃಷಿಹೊಂಡಕ್ಕೆ ಮಾತ್ರ ಹಗ್ಗವೇ ಸರಿಯಾದ ಔಷಧ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲದಲ್ಲಿ ಹೊಂಡ ಆದವು, ಒಳಗೆ ಪ್ಲಾಸ್ಟಿಕ್ ಹಾಳೆ. ನೀರು ಇಂಗದಿರಲಿ ಅಂತ ಹಾಸಿದ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಂದವರೂ ದಡ ಹತ್ತೋಕಾಗಲ್ಲ, ಕಾಲಿಟ್ಟ ಕಡೆ ಜಾರುತ್ತದೆ. ತಂತಿಬೇಲಿ ಬೇಕು, ನಿಜ. ಅದರ ಜೊತೆಗೆ ಹೊಂಡದ ನಾಲ್ಕೂ ಬದಿಗೆ ಒಂದೊಂದು ದಪ್ಪ ಹಗ್ಗ ಇಳಿಬಿಡಿ. ಮೇಲೆ ಗಟ್ಟಿ ಗೂಟ ಬಡಿದು ಕಟ್ಟಿ, ಗೂಟಕ್ಕೆ ಎರಡು ಸುತ್ತು ಬರಲಿ. ಒದ್ದೆ ಕೈಗೆ ಬರಿ ಹಗ್ಗ ಜಾರುತ್ತದೆ, ಹಾಗಾಗಿ ಗೇಣಿಗೊಂದು ದಪ್ಪ ಗಂಟು ಹಾಕಿ. ತುದಿ ಬೇಸಿಗೆಯಲ್ಲಿ ನೀರು ತಳಕ್ಕೆ ಇಳಿದಾಗಲೂ ಮುಟ್ಟುವಷ್ಟು ಉದ್ದ ಇರಲಿ, ತುದಿಯಲ್ಲಿ ಒಂದು ಬೌಲೈನ್ ಕುಣಿಕೆ, ಮಗುವಿನ ಕಾಲು ಇಡುವಷ್ಟು. ಪ್ರತಿ ಮುಂಗಾರಿಗೆ ಮುಂಚೆ ಹಗ್ಗ ಬದಲಾಯಿಸಿ. ತೆಗೆದ ಹಳೆಯ ಹಗ್ಗವನ್ನು ಸಣ್ಣಗೆ ಕತ್ತರಿಸಿ ಮೇವಿನ ಹೊರೆಗೋ ತಾಡಪಾಲಿಗೋ ಬಳಸಿ, ಉದ್ದ ಬಿಟ್ಟರೆ ಯಾರಾದರೂ ಅದನ್ನೇ ಹಿಡಿದು ಬಾವಿಗೆ ಇಳೀತಾರೆ.